ಹಿರಿಯ ತರಬೇತುದಾರರ ಕೈಕೆಳಗೆ ಕಾಲೇಜು ಫುಟ್‌ಬಾಲ್ ತಂಡದ ಋತುವನ್ನು ನಡೆಸುವ ಬಗೆ

ಒಂದೇ ಕಾಲೇಜಿನ ಮೈದಾನದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಿಂತು ತಂಡ ಕಟ್ಟಿದ ದೈಹಿಕ ಶಿಕ್ಷಣ ನಿರ್ದೇಶಕರು ಕಲಬುರಗಿಯಲ್ಲಿ ಇನ್ನೂ ಕೆಲವರಿದ್ದಾರೆ. ವಿದ್ಯಾರ್ಥಿಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಪ್ರಾಚಾರ್ಯರು ವರ್ಗವಾಗುತ್ತಾರೆ ಅಥವಾ ನಿವೃತ್ತರಾಗುತ್ತಾರೆ. ಆದರೆ ಬೆಳಗಿನ ಐದೂವರೆಗೆ ವಿಸಲ್ ಹಿಡಿದು ಬರುವ ಆ ಸರ್ ಮಾತ್ರ ಅವರೇ. ಇಂಥವರ ಜೊತೆ ತಂಡದ ವ್ಯವಸ್ಥಾಪಕರಾಗಿ ಹೊಸದಾಗಿ ನೇಮಕಗೊಂಡ ಕಿರಿಯ ಅಧ್ಯಾಪಕರಿಗೂ, ಈ ವರ್ಷ ಕ್ಯಾಪ್ಟನ್ ಆದ ವಿದ್ಯಾರ್ಥಿಗೂ ಉಪಯೋಗವಾಗಲೆಂದು ಇದನ್ನು ಬರೆದಿದ್ದೇನೆ. ನನ್ನ ಮುಖ್ಯ ಮಾತು ಇಷ್ಟು: ಹಿರಿಯ ತರಬೇತುದಾರರ ತಲೆಯಲ್ಲಿರುವ ತಿಳಿವಳಿಕೆಯನ್ನು ಋತು ಆರಂಭವಾಗುವ ಮೊದಲೇ ಕಾಗದಕ್ಕೆ ಇಳಿಸಿಕೊಳ್ಳಬೇಕು, ಓಡಾಟದ ಕೆಲಸಗಳನ್ನೆಲ್ಲ ಕಿರಿಯರು ತಮ್ಮ ಹೆಗಲಿಗೆ ತೆಗೆದುಕೊಳ್ಳಬೇಕು, ಆಟಗಾರರನ್ನು ನೋಡಿ ತಿದ್ದುವುದಕ್ಕೆ ಮಾತ್ರ ಅವರನ್ನು ಬಿಡುವಾಗಿ ಇಡಬೇಕು.

ಮೊದಲು ನಮ್ಮ ಋತುವಿನ ಸ್ವರೂಪ ತಿಳಿದಿರಬೇಕು. ಅಂತರ ಕಾಲೇಜು ಪಂದ್ಯಾವಳಿ ಹೆಚ್ಚಾಗಿ ಯಾವುದೋ ಒಂದು ಕಾಲೇಜಿನ ಆತಿಥ್ಯದಲ್ಲಿ, ಕೆಲವೇ ದಿನಗಳಲ್ಲಿ, ನಾಕೌಟ್ ಪದ್ಧತಿಯಲ್ಲಿ ಮುಗಿದುಹೋಗುತ್ತದೆ. ಸೋತ ತಂಡಕ್ಕೆ ಮುಂದಿನ ವಾರ ಇನ್ನೊಂದು ಪಂದ್ಯ ಎಂಬುದಿಲ್ಲ. ವರ್ಷವಿಡೀ ಮಾಡಿದ ಅಭ್ಯಾಸ ಒಂದು ಬೆಳಗಿನ ಆಟದಲ್ಲಿ ತೀರ್ಮಾನವಾಗುತ್ತದೆ; ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುವ ತಂಡಕ್ಕೆ ಆಟಗಾರರನ್ನು ಆರಿಸುವವರು ಕೂಡ ಬಹಳ ಸಲ ಅದೇ ಪಂದ್ಯಗಳನ್ನು ನೋಡಿಯೇ ಹೆಸರು ಬರೆದುಕೊಳ್ಳುತ್ತಾರೆ. ಆದ್ದರಿಂದ ನಮ್ಮಲ್ಲಿ ಋತು ಎಂದರೆ ಪಂದ್ಯಗಳ ಪಟ್ಟಿಯಲ್ಲ, ಆ ಒಂದು ಬೆಳಗಿಗಾಗಿ ನಡೆಸುವ ತಿಂಗಳುಗಟ್ಟಲೆ ಸಿದ್ಧತೆ. ಸ್ನೇಹ ಪಂದ್ಯಗಳನ್ನು ನಾವೇ ಗೊತ್ತುಪಡಿಸಿಕೊಳ್ಳದಿದ್ದರೆ ಹುಡುಗರು ಪೂರ್ಣ ತೊಂಬತ್ತು ನಿಮಿಷದ ಆಟವನ್ನು ಒಮ್ಮೆಯೂ ಆಡದೆ ಪಂದ್ಯಾವಳಿಗೆ ಹೋಗುವ ಸ್ಥಿತಿ ಬರುತ್ತದೆ. ನೆರೆಯ ಕಾಲೇಜು, ಪೊಲೀಸ್ ಸಿಬ್ಬಂದಿಯ ತಂಡ, ಬಡಾವಣೆಯ ಕ್ಲಬ್ಬು, ಯಾರು ಸಿಕ್ಕರೂ ಸರಿ. ವಯಸ್ಸಿನಲ್ಲಿ ದೊಡ್ಡವರಾದ, ಮೈಬಲದ ಎದುರಾಳಿಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಪಂಚಾಂಗ ಮುಂದಿಟ್ಟುಕೊಂಡು ವೇಳಾಪಟ್ಟಿ

ಕಾಲೇಜು ತೆರೆದ ಮೊದಲ ವಾರದಲ್ಲೇ ಸರ್ ಅವರೊಂದಿಗೆ ಒಂದು ಮಧ್ಯಾಹ್ನ ಕುಳಿತು ವೇಳಾಪಟ್ಟಿ ಹಾಕಬೇಕು. ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿ, ಆಂತರಿಕ ಪರೀಕ್ಷೆಯ ದಿನಗಳು, ಸೆಮಿಸ್ಟರ್ ಪರೀಕ್ಷೆ ಇವು ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಈ ನೆಲದ ಕ್ಯಾಲೆಂಡರ್. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಪಥಸಂಚಲನದ ತಾಲೀಮು ನಡೆಯುವಾಗ ಮೈದಾನವೂ ಸಿಗುವುದಿಲ್ಲ, ಎನ್.ಸಿ.ಸಿ.ಯಲ್ಲಿರುವ ಆಟಗಾರರೂ ಸಿಗುವುದಿಲ್ಲ. ದಸರಾ ಕ್ರೀಡಾಕೂಟ ಬಂದಾಗ ನಿಮ್ಮ ಚುರುಕಾದ ವಿಂಗರ್ 400 ಮೀಟರ್ ಓಟಕ್ಕೋ ಕಬಡ್ಡಿಗೋ ಹೆಸರು ಕೊಟ್ಟಿರುತ್ತಾನೆ, ಏಕೆಂದರೆ ಸಣ್ಣ ಕಾಲೇಜುಗಳಲ್ಲಿ ಎಲ್ಲ ಆಟಕ್ಕೂ ಅದೇ ಹುಡುಗರು. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯ ಹಳ್ಳಿಯ ಹುಡುಗರು ವಾರಗಟ್ಟಲೆ ಊರಿಗೆ ಹೋಗುತ್ತಾರೆ. ಅವರ ಮನೆಯಲ್ಲಿ ಆ ಕೈಗಳು ನಿಜವಾಗಿಯೂ ಬೇಕಾಗಿರುತ್ತವೆ. ಎಳ್ಳಮವಾಸ್ಯೆಯ ದಿನವಂತೂ ಇಡೀ ಸೀಮೆ ಹೊಲದಲ್ಲಿರುತ್ತದೆ, ಭಜ್ಜಿ ಮತ್ತು ಸಜ್ಜೆ ರೊಟ್ಟಿಯ ಆ ಊಟ ಬಿಟ್ಟು ಅಭ್ಯಾಸಕ್ಕೆ ಬಾ ಎಂದು ಯಾರನ್ನೂ ಕರೆಯಬಾರದು.

ರಂಜಾನ್ ತಿಂಗಳು ಋತುವಿನ ನಡುವೆ ಬಂದರೆ ವಿಶೇಷ ಗಮನ ಬೇಕು. ಈ ಊರಿನ ಫುಟ್‌ಬಾಲ್ ತಂಡಗಳಲ್ಲಿ ರೋಜಾ ಇರುವ ಹುಡುಗರು ಬಹಳ ಮಂದಿ ಇರುತ್ತಾರೆ. ಅವರಿಗೆ ಬೆಳಗಿನ ಕಠಿಣ ಓಟ ಕೊಟ್ಟರೆ ದಿನವಿಡೀ ನೀರಿಲ್ಲದೆ ಕಳೆಯಬೇಕಾಗುತ್ತದೆ. ಇಫ್ತಾರಿಗೆ ಸ್ವಲ್ಪ ಮುಂಚೆ ಮುಗಿಯುವಂತೆ ಹಗುರವಾದ ಪಾಸಿಂಗ್ ಅಭ್ಯಾಸ ಇಟ್ಟುಕೊಳ್ಳಬಹುದು, ಬೆಳಕಿನ ವ್ಯವಸ್ಥೆ ಇದ್ದರೆ ರಾತ್ರಿ ಅಭ್ಯಾಸ ನಡೆಸಬಹುದು. ಇದನ್ನು ಆಯಾ ಹುಡುಗರನ್ನೇ ಕೇಳಿ ನಿರ್ಧರಿಸುವುದು ಉತ್ತಮ.

ಸರ್ ಅವರಿಂದ ಕೇಳಿ ಬರೆದುಕೊಳ್ಳಬೇಕಾದದ್ದು

ಇದು ಈ ಬರಹದ ಅತಿ ಮುಖ್ಯ ಭಾಗ. ಹಿರಿಯ ತರಬೇತುದಾರರು ತಮಗೆ ಗೊತ್ತಿರುವುದನ್ನು ಗೊತ್ತಿದೆ ಎಂದು ಎಣಿಸಿಯೇ ಇರುವುದಿಲ್ಲ, ಅದು ಅವರಿಗೆ ಸಹಜವಾಗಿಬಿಟ್ಟಿರುತ್ತದೆ. ಯಾವ ಕಾಲೇಜಿನ ಮೈದಾನ ಯಾವ ಗೋಲಿನ ಕಡೆ ಇಳಿಜಾರಾಗಿದೆ, ಬೆಳಗಿನ ಪಂದ್ಯದಲ್ಲಿ ಯಾವ ತುದಿಯ ಗೋಲ್‌ಕೀಪರನಿಗೆ ಸೂರ್ಯ ಕಣ್ಣಿಗೆ ಬೀಳುತ್ತಾನೆ, ಯಾವ ಪ್ರೌಢಶಾಲೆಯಿಂದ ಬಂದ ಹುಡುಗರಿಗೆ ಎಡಗಾಲಿನ ಆಟ ಮೊದಲೇ ಕಲಿಸಿರುತ್ತಾರೆ, ಯಾವ ತಂಡ ಕಾರ್ನರ್ ಕಿಕ್ಕನ್ನು ಸದಾ ಹತ್ತಿರದ ಕಂಬಕ್ಕೇ ಹಾಕುತ್ತದೆ ಎಂಬಂಥ ಸಂಗತಿಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ. "ನಿಮ್ಮ ಅನುಭವ ಹೇಳಿ ಸರ್" ಎಂದು ಬರಿದೇ ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಸಣ್ಣದಾಗಿ, ನಿರ್ದಿಷ್ಟವಾಗಿ ಕೇಳಬೇಕು: ಹೋದ ವರ್ಷ ನಾವು ಗೋಲು ಬಿಟ್ಟುಕೊಟ್ಟದ್ದು ಹೆಚ್ಚಾಗಿ ಯಾವ ಕಡೆಯಿಂದ, ಆ ಹುಡುಗನನ್ನು ಡಿಫೆನ್ಸಿನಿಂದ ಮಿಡ್‌ಫೀಲ್ಡಿಗೆ ತಂದದ್ದು ಯಾಕೆ, ಮಳೆ ಬಂದ ಮರುದಿನ ಅಭ್ಯಾಸವನ್ನು ಎಲ್ಲಿಗೆ ಸ್ಥಳಾಂತರಿಸುತ್ತಿದ್ದಿರಿ. ಮೈದಾನದ ಸುತ್ತ ಅವರೊಂದಿಗೆ ನಡೆಯುತ್ತ ಕೇಳಿದರೆ ಕೋಣೆಯಲ್ಲಿ ಬರದ ಉತ್ತರಗಳೂ ಬರುತ್ತವೆ. ಅಂದೇ ಸಂಜೆ ಒಂದು ರಿಜಿಸ್ಟರಿನಲ್ಲಿ ದಿನಾಂಕ ಹಾಕಿ ಬರೆದಿಡಬೇಕು.

ಒಬ್ಬ ತರಬೇತುದಾರ ದೀರ್ಘಕಾಲ ಒಂದೇ ತಂಡದೊಂದಿಗಿದ್ದರೆ ಏನಾಗಬಲ್ಲದು ಎಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಕಿಲ್ಲ. ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೂ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ನೋಡಿಕೊಂಡರು. ಆ ತಂಡ 1950ರಿಂದ 1954ರವರೆಗೆ ಮುಂಬೈಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯನ್ನು ಸತತ ಐದು ಬಾರಿ ಗೆದ್ದಿತು. ಆಗ ನಮ್ಮ ಕಲಬುರಗಿ, ಬೀದರ್ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅವರೇ ತರಬೇತಿ ಕೊಟ್ಟ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ದುರ್ಬಲವಾದ ಕಾಲಿನಿಂದ ಮಾತ್ರ ಆಡಬೇಕು, ಡ್ರಿಬಲ್ ಮಾಡಲೇಬಾರದು ಎಂಬ ಷರತ್ತಿನ ಪಂದ್ಯಗಳನ್ನು ಆಡಿಸಿ ಅವರು ಹುಡುಗರನ್ನು ತಿದ್ದುತ್ತಿದ್ದರು. ಖರ್ಚಿಲ್ಲದ ಈ ಉಪಾಯವನ್ನು ವಾರಕ್ಕೊಂದು ದಿನ ನಮ್ಮ ಮೈದಾನದಲ್ಲೂ ಮಾಡಬಹುದು. 1962ರ ಜಕಾರ್ತಾ ಕ್ರೀಡಾಕೂಟದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಮ್ ಮುಂಪಡೆಗೆ ತಂದರು, ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಗೆದ್ದದ್ದು 2–1ರಿಂದ, ಅದರಲ್ಲೊಂದು ಗೋಲು ಜರ್ನೈಲ್ ಅವರದೇ. ಆಟಗಾರನನ್ನು ವರ್ಷಗಟ್ಟಲೆ ನೋಡಿದವರಿಗೆ ಮಾತ್ರ ಬರುವ ಧೈರ್ಯ ಅದು. ಜರ್ನೈಲ್ ಆಗ ತಲೆಗೆ ಗಾಯ ಮಾಡಿಕೊಂಡೇ ಆಡಿದ್ದರು ಎಂಬುದನ್ನು ಮಾತ್ರ ಇಂದಿನ ಹುಡುಗರ ಮುಂದೆ ಮಾದರಿಯಾಗಿ ಇಡಬಾರದು. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತುವ, ಮಂಕು ಕವಿಯುವ ಆಟಗಾರನನ್ನು ಆ ದಿನ ಮತ್ತೆ ಆಟಕ್ಕೆ ಇಳಿಸದೆ ವೈದ್ಯರ ಬಳಿಗೆ ಕರೆದೊಯ್ಯುವುದು ಈಗಿನ ಒಪ್ಪಿತ ಕ್ರಮ.

ಮೈದಾನ

ಕಲಬುರಗಿಯ ನೆಲ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಬೆರಳು ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಬೂಟಿನ ಸ್ಟಡ್‌ಗೆ ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಹಸಿಯಿದ್ದಾಗಲೇ ಆಡಿಸಿದರೆ ಮೂಡಿದ ಗುಂಡಿಗಳು ಬಿಸಿಲಿಗೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತವೆ, ಮುಂದೆ ತಿಂಗಳುಗಟ್ಟಲೆ ಹುಡುಗರ ಪಾದದ ಕೀಲು ತಿರುಚುವುದು ಅಲ್ಲಿಯೇ. ಆದ್ದರಿಂದ ಮಳೆ ನಿಂತ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಮಣ್ಣು ಅಂಟದ ಹದಕ್ಕೆ ಬರುವವರೆಗೂ ಕಾಯಬೇಕು, ಅಷ್ಟರಲ್ಲಿ ಒಳಾಂಗಣದಲ್ಲೋ ಕಾಲೇಜಿನ ಕಾಂಕ್ರೀಟ್ ಅಂಗಳದಲ್ಲೋ ಬರಿ ಚೆಂಡಿನ ಹಿಡಿತದ ಅಭ್ಯಾಸ ಮಾಡಿಸಬಹುದು. ಗೋಲಿನ ಮುಂದಿನ ಜಾಗ ಎಲ್ಲಕ್ಕಿಂತ ಬೇಗ ಸವೆದು ಹಳ್ಳವಾಗುತ್ತದೆ. ಅಲ್ಲಿಗೆ ಜರಡಿ ಹಿಡಿದ ಮುರುಮು ತುಂಬಿಸಿ, ನೀರು ಹೊಡೆದು, ರೋಲರ್ ಎಳೆಸುವ ಕೆಲಸವನ್ನು ಪಂದ್ಯಾವಳಿಗೆ ಮೂರು ವಾರ ಮೊದಲೇ ಮುಗಿಸಬೇಕು.

ಗೆರೆ ಹಾಕುವುದನ್ನು ಕ್ಯಾಪ್ಟನ್ ಕಲಿತಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಳತೆ ತಿಳಿದ ಆಟಗಾರನಿಗೆ ಆಟದಲ್ಲಿ ತಾನು ಎಲ್ಲಿ ನಿಂತಿದ್ದೇನೆ ಎಂಬುದು ತಾನಾಗಿ ತಿಳಿಯುತ್ತದೆ. ನಿಯಮದ ಪ್ರಕಾರ ಮೈದಾನದ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬೇಕು. ಜಾಗವಿದ್ದರೆ 105 ಮತ್ತು 68 ಉತ್ತಮ. ಮೂಲೆಗಳು ಲಂಬಕೋನವಾಗಿರಲು ಹಗ್ಗದಲ್ಲಿ ಒಂದು ಗೆರೆಯ ಮೇಲೆ 3 ಮೀಟರ್, ಇನ್ನೊಂದರ ಮೇಲೆ 4 ಮೀಟರ್ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬರುವಂತೆ ಗೂಟ ಸರಿಸಬೇಕು. ಗಾರೆ ಕೆಲಸದವರು ಮನೆಯ ಪಾಯ ಹಾಕುವಾಗಲೂ ಇದನ್ನೇ ಮಾಡುತ್ತಾರೆ. ಗೋಲ್ ಕಂಬಗಳ ಒಳಮೈ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಕೆಳಗೆ 2.44 ಮೀಟರ್. ಪ್ರತಿ ಕಂಬದ ಒಳಮೈಯಿಂದ ಬದಿಗೆ 16.5 ಮೀಟರ್, ಅಷ್ಟೇ ಮುಂದಕ್ಕೆ ಅಳೆದರೆ ಪೆನಾಲ್ಟಿ ಆವರಣ, ಅದರ ಒಟ್ಟು ಅಗಲ 40.32 ಮೀಟರ್. ಗೋಲ್ ಆವರಣಕ್ಕೆ ಇದೇ ಕ್ರಮದಲ್ಲಿ 5.5 ಮೀಟರ್. ಪೆನಾಲ್ಟಿ ಗುರುತು ಗೋಲ್ ಗೆರೆಯಿಂದ 11 ಮೀಟರ್ ದೂರದಲ್ಲಿ, ನಡುವಿನ ವೃತ್ತದ ತ್ರಿಜ್ಯ 9.15 ಮೀಟರ್. ಪೆನಾಲ್ಟಿ ಆವರಣದ ಹೊರಗಿನ ಕಮಾನನ್ನು ಎಳೆಯುವಾಗ ಹಗ್ಗವನ್ನು ಆವರಣದ ಗೆರೆಯಿಂದಲ್ಲ, ಪೆನಾಲ್ಟಿ ಗುರುತಿನಿಂದ 9.15 ಮೀಟರ್ ಹಿಡಿಯಬೇಕು. ಬಹಳ ಮೈದಾನಗಳಲ್ಲಿ ಇಲ್ಲಿಯೇ ತಪ್ಪುತ್ತದೆ. ಹಸಿ ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಗೆರೆಗೆ ಚಾಕ್ ಪೌಡರ್ ಬಳಸುವುದು ಸುರಕ್ಷಿತ. ಎತ್ತಿಡುವಂಥ ಗೋಲ್ ಕಂಬಗಳಿದ್ದರೆ ಹಿಂದಿನಿಂದ ನೆಲಕ್ಕೆ ಬಿಗಿದೇ ಇಡಬೇಕು, ಅವು ಮಗುಚಿದರೆ ಜೀವಕ್ಕೇ ಅಪಾಯ.

ಬಿಸಿಲು, ನೀರು, ಊಟ

ಬೆಳಗ್ಗೆ ಐದೂವರೆಯಿಂದ ಏಳರವರೆಗಿನ ಅಭ್ಯಾಸವೇ ಇಲ್ಲಿಗೆ ಸರಿ. ಹಳೆಯ ಕಾಲದ ಕೆಲವು ತರಬೇತುದಾರರಲ್ಲಿ ಅಭ್ಯಾಸದ ನಡುವೆ ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆ ಎಂಬ ನಂಬಿಕೆ ಉಳಿದಿದೆ. ಇದೊಂದು ವಿಷಯದಲ್ಲಿ ಗೌರವದಿಂದಲೇ, ಆದರೆ ಹಿಂಜರಿಯದೆ ಬೇರೆ ದಾರಿ ಹಿಡಿಯಬೇಕು: ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕೊಡಲೇಬೇಕು. ಮಾತಿಗಿಂತ ತೂಕದ ಯಂತ್ರ ಚೆನ್ನಾಗಿ ಒಪ್ಪಿಸುತ್ತದೆ. ಅಭ್ಯಾಸಕ್ಕೆ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು ತೂಗಿದಾಗ ದೇಹದ ತೂಕ ಶೇ 2ಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹುಡುಗ ಕುಡಿದ ನೀರು ಸಾಲದು ಎಂದರ್ಥ. 60 ಕಿಲೋ ತೂಗುವವನು 58.5 ಕಿಲೋಗೆ ಇಳಿದದ್ದನ್ನು ಸರ್ ಕಣ್ಣಾರೆ ನೋಡಿದರೆ ಮರುದಿನದಿಂದ ನೀರಿನ ಕ್ಯಾನನ್ನು ಅವರೇ ತರಿಸುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ, ಓ.ಆರ್.ಎಸ್. ಪೊಟ್ಟಣ ಇವು ಸಾಕು. ಯಾರಾದರೂ ಬಡಬಡಿಸತೊಡಗಿದರೆ, ಓಲಾಡಿದರೆ, ಮೈ ಕಾದು ಕುಸಿದರೆ ನೆರಳಿಗೆ ಎಳೆದು, ಮೈಮೇಲೆ ತಣ್ಣೀರು ಸುರಿದು, ಕುತ್ತಿಗೆ ಮತ್ತು ಕಂಕುಳಿಗೆ ಮಂಜುಗಡ್ಡೆ ಇಟ್ಟು, ಅದೇ ಕ್ಷಣ 108ಕ್ಕೆ ಕರೆ ಮಾಡಬೇಕು.

ಊಟದ ವಿಷಯದಲ್ಲಿ ನಮ್ಮ ಹುಡುಗರಿಗೆ ಪೇಟೆಯ ಪುಡಿ ಡಬ್ಬಿಗಳ ಅಗತ್ಯವಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ ಇವುಗಳಲ್ಲಿ ಬೇಕಾದದ್ದೆಲ್ಲ ಇದೆ. ತೊಡಕು ಇರುವುದು ವೇಳೆಯಲ್ಲಿ. ಹಾಸ್ಟೆಲ್ಲಿನ ಮೆಸ್ ಎಂಟೂವರೆಗೆ ತೆರೆದರೆ ಏಳಕ್ಕೆ ಅಭ್ಯಾಸ ಮುಗಿಸಿದ ಹುಡುಗ ಅಲ್ಲಿಯವರೆಗೆ ಹಸಿದು ಕೂರುತ್ತಾನೆ, ಇಲ್ಲವೇ ಗೇಟಿನ ಹೊರಗಿನ ಬಂಡಿಯಲ್ಲಿ ಸುಸಲಾ-ಮಿರ್ಚಿ ತಿಂದು ತರಗತಿಗೆ ಹೋಗುತ್ತಾನೆ. ಮೆಸ್ಸಿನ ವಾರ್ಡನ್ ಅವರನ್ನು ಭೇಟಿಯಾಗಿ ಹದಿನೆಂಟು-ಇಪ್ಪತ್ತು ಹುಡುಗರಿಗೆ ಬಾಳೆಹಣ್ಣು, ನೆನೆಸಿದ ಶೇಂಗಾ, ಹಾಲು ಬೇಗ ಸಿಗುವಂತೆ ಮಾಡಿಸುವುದು ವ್ಯವಸ್ಥಾಪಕರು ತಂಡಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಕಾಗದಪತ್ರ

ಇದನ್ನು ಸರ್ ಅವರ ಮೇಲೆ ಬಿಡಲೇಬಾರದು. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ಈ ವರ್ಷದ ಪ್ರವೇಶ ಶುಲ್ಕದ ರಸೀದಿ, ಗುರುತಿನ ಚೀಟಿ, ಭಾವಚಿತ್ರ, ಪ್ರಾಚಾರ್ಯರ ಸಹಿಯಿರುವ ಅರ್ಹತಾ ಪತ್ರ ಇವುಗಳನ್ನು ಆಟಗಾರನಿಗೊಂದರಂತೆ ಫೈಲು ಮಾಡಿ ಆಗಸ್ಟ್ ಹೊತ್ತಿಗೆ ಸಿದ್ಧವಾಗಿಡಬೇಕು. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಸಾಮಾನ್ಯವಾಗಿ ಜುಲೈ 1ಕ್ಕೆ 17 ವರ್ಷ ಮೀರಿದ, 25 ತುಂಬದ ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ; ಆಯಾ ವರ್ಷದ ಸುತ್ತೋಲೆ ಓದಿಯೇ ಮುಂದುವರಿಯಬೇಕು. ತರಗತಿಯ ಹಾಜರಾತಿ ಶೇ 75ಕ್ಕಿಂತ ಕೆಳಗೆ ಬೀಳದಂತೆ, ಪಂದ್ಯದ ದಿನಗಳಿಗೆ ಓ.ಡಿ. (ಆನ್ ಡ್ಯೂಟಿ, ಅಂದರೆ ಕಾಲೇಜಿನ ಕೆಲಸದ ಮೇಲೆ ಹೋಗಿದ್ದಾನೆ ಎಂಬ) ಪತ್ರವನ್ನು ಹೋಗುವ ಮೊದಲೇ ಪಡೆದು ಆಯಾ ವಿಭಾಗಕ್ಕೆ ಮುಟ್ಟಿಸಬೇಕು. ಪಂದ್ಯದಿಂದ ಬಂದ ಹುಡುಗ ಪರೀಕ್ಷೆಗೆ ಕೂರಲಾಗದೆ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿದ ತಂದೆತಾಯಿ ಅವನ ತಮ್ಮನನ್ನು ಮೈದಾನಕ್ಕೆ ಕಳಿಸುವುದಿಲ್ಲ.

ಭಿನ್ನಾಭಿಪ್ರಾಯ ಬಂದಾಗ

ಬಹುಕಾಲದ ತರಬೇತುದಾರರ ಬಳಿ ಹೊಸದನ್ನು ಹೇಳುವುದಕ್ಕೂ ಒಂದು ಕ್ರಮವಿದೆ. ಹುಡುಗರೆದುರು ಹೇಳಬಾರದು, ಪಂದ್ಯದ ಹಿಂದಿನ ದಿನ ಹೇಳಬಾರದು, ಒಂದು ಸಲಕ್ಕೆ ಒಂದಕ್ಕಿಂತ ಹೆಚ್ಚು ವಿಷಯ ಎತ್ತಬಾರದು. ಆಟದ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸುವುದು ಸುಲಭ. 2016ರಿಂದ ಕಿಕ್-ಆಫ್ ಚೆಂಡನ್ನು ಯಾವ ದಿಕ್ಕಿಗಾದರೂ ಒದೆಯಬಹುದು; 2019ರಿಂದ ಗೋಲ್ ಕಿಕ್ಕಿನ ಚೆಂಡು ಪೆನಾಲ್ಟಿ ಆವರಣ ದಾಟುವವರೆಗೆ ಕಾಯಬೇಕಿಲ್ಲ; 2025ರ ನಿಯಮದಂತೆ ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಅಭ್ಯಾಸ ಮುಗಿದು ಸರ್ ಬೈಕಿನ ಕಡೆ ನಡೆಯುವಾಗ ಕ್ಯಾಪ್ಟನ್ ಹೀಗೆ ಕೇಳಬಹುದು: "ಸರ್, ಗೋಲ್‌ಕೀಪರಿಗೆ ಹೊಸ ನಿಯಮ ಬಂದದಂತ್ರಿ, ಎಂಟು ಸೆಕೆಂಡಿನ್ಯಾಗ ಚೆಂಡು ಬಿಡಬೇಕಂತ್ರಿ. ನಾಳಿ ನೀವು ಎಣಿಸಿದ್ರ ನಮಗ ರೂಢಿ ಆಗ್ತದ್ರಿ." ನಾನು ಬಲ್ಲ ಹಿರಿಯರೊಬ್ಬರು ಇಂಥ ಮಾತಿಗೆ "ಎಣಸ್ತೀನಿ ತಮ್ಮಾ, ಖರೇ ಆರಕ್ಕೇ ಬಿಡಸ್ತೀನಿ, ಎಂಟು ಅಂದ್ರ ನೀವು ಹತ್ತು ಮಾಡ್ತೀರಿ" ಎಂದರು. ನಿಯಮ ತಂದದ್ದು ಹುಡುಗ, ಅದನ್ನು ಅಭ್ಯಾಸವಾಗಿ ಮಾಡಿದ್ದು ಅವರ ಅನುಭವ.

ಆಟಗಾರರ ಆಯ್ಕೆಯಲ್ಲಿ ಮಾತ್ರ ಕೊನೆಯ ಮಾತು ಸರ್ ಅವರದೇ ಆಗಿರಬೇಕು. ಇಬ್ಬರು ಆರಿಸುವ ತಂಡದಲ್ಲಿ ಹುಡುಗರು ಎರಡು ಗುಂಪಾಗುತ್ತಾರೆ. ವ್ಯವಸ್ಥಾಪಕರು ಮಾಡಬಹುದಾದದ್ದು, ಹಾಜರಾತಿ, ಸ್ನೇಹ ಪಂದ್ಯಗಳಲ್ಲಿ ಯಾರು ಎಷ್ಟು ನಿಮಿಷ ಆಡಿದರು, ಗೋಲು ಹೊಡೆದವರಾರು, ಪಾಸ್ ಕೊಟ್ಟವರಾರು ಎಂಬ ಲೆಕ್ಕವನ್ನು ಆಯ್ಕೆಗೆ ಮೊದಲು ಅವರ ಮುಂದಿಡುವುದು. ಹಳೆಯ ಹುಡುಗರ ಮೇಲಿನ ವಿಶ್ವಾಸದಿಂದ ಪ್ರಥಮ ವರ್ಷದ ಒಬ್ಬ ಚುರುಕಾದ ಆಟಗಾರ ಅವರ ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆ ಇರುತ್ತದೆ, ಆ ಲೆಕ್ಕ ಅವನ ಪರವಾಗಿ ಮಾತಾಡುತ್ತದೆ. ಆಯ್ಕೆಯಾಗದವರಿಗೆ ಪಟ್ಟಿ ಅಂಟಿಸುವ ಮೊದಲು ಖುದ್ದಾಗಿ ಹೇಳಬೇಕು, ಏನು ಸುಧಾರಿಸಬೇಕು ಎಂಬುದನ್ನೂ ಸೇರಿಸಿ.

ಪಂದ್ಯಾವಳಿಯ ದಿನಗಳು

ಪೆನಾಲ್ಟಿ ಶೂಟೌಟಿಗೆ ಸಿದ್ಧತೆ ಇಲ್ಲದೆ ನಾಕೌಟಿಗೆ ಹೋಗಬಾರದು. ಕೊನೆಯ ಮೂರು ವಾರ, ಅಭ್ಯಾಸದ ತುದಿಯಲ್ಲಿ ಕಾಲು ಸೋತಿರುವಾಗಲೇ, ನಡುವಿನ ವೃತ್ತದಿಂದ ಒಬ್ಬೊಬ್ಬರೇ ನಡೆದುಬಂದು ಒದೆಯುವಂತೆ ಮಾಡಿಸಿ, ಯಾರು ಯಾವ ಮೂಲೆಗೆ ಹೊಡೆದರು ಎಂಬುದನ್ನು ಬರೆದಿಡಬೇಕು. ಚೆಂಡು ಒದೆಯುವ ಕ್ಷಣದಲ್ಲಿ ಗೋಲ್‌ಕೀಪರನ ಒಂದು ಪಾದದ ಸ್ವಲ್ಪ ಭಾಗವಾದರೂ ಗೋಲ್ ಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು ಎಂಬುದನ್ನು ಕೀಪರನಿಗೆ ರೂಢಿ ಮಾಡಿಸಬೇಕು. ಐವರ ಪಟ್ಟಿಯನ್ನು ಸರ್ ಮೊದಲೇ ನಿರ್ಧರಿಸಿದ್ದರೆ ಆ ಗಡಿಬಿಡಿಯಲ್ಲಿ "ನೀ ಹೋಗು, ನೀ ಹೋಗು" ಎಂಬ ತಳ್ಳಾಟ ಇರುವುದಿಲ್ಲ.

ಬಸ್ಸು, ಎರಡು ಬಣ್ಣದ ಜರ್ಸಿ, ಶಿನ್ ಗಾರ್ಡ್, ಎರಡು ಗಾಳಿ ತುಂಬಿದ 5ನೇ ಸೈಜಿನ ಚೆಂಡು, ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಫೈಲುಗಳು ಇವೆಲ್ಲ ವ್ಯವಸ್ಥಾಪಕರ ಹೊಣೆ. ಬದಲಿ ಆಟಗಾರರ ಸಂಖ್ಯೆ, ಆಟದ ಅವಧಿ ಇವು ಪಂದ್ಯಾವಳಿಯಿಂದ ಪಂದ್ಯಾವಳಿಗೆ ಬೇರೆಯಾಗುವುದರಿಂದ ವ್ಯವಸ್ಥಾಪಕರ ಸಭೆಯಲ್ಲಿ ಕೇಳಿ ಬರೆದುಕೊಂಡು ಬರಬೇಕು. ಪಂದ್ಯ ನಡೆಯುವಾಗ ಬದಿಯಿಂದ ಕೂಗುವ ದನಿ ಒಂದೇ ಇರಲಿ, ಅದು ಸರ್ ಅವರದು.

ಋತು ಮುಗಿದ ವಾರದಲ್ಲಿ ರಿಜಿಸ್ಟರನ್ನು ಮತ್ತೆ ತೆರೆಯಬೇಕು. ಯಾವ ಪಂದ್ಯದಲ್ಲಿ ಯಾರು ಆಡಿದರು, ಗೋಲುಗಳು ಹೇಗೆ ಬಂದವು, ಯಾರಿಗೆ ಯಾವ ಗಾಯವಾಯಿತು, ಯಾವ ಮೈದಾನ ಹೇಗಿತ್ತು, ಮುಂದಿನ ವರ್ಷಕ್ಕೆ ಯಾರು ಉಳಿಯುತ್ತಾರೆ ಎಂಬುದನ್ನು ಸರ್ ಅವರ ಬಾಯಿಂದಲೇ ಕೇಳಿ ತುಂಬಿಸಿ, ಅವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲೂ ಇನ್ನೊಂದನ್ನು ಕ್ರೀಡಾ ವಿಭಾಗದ ಕಪಾಟಿನಲ್ಲೂ ಇಡಬೇಕು. ಉಳಿದ ಚೆಂಡು, ಬಿಬ್, ಕೋನ್‌ಗಳನ್ನು ಎಣಿಸಿ, ಹರಿದ ಬಲೆಯನ್ನು ಬೇಸಿಗೆ ರಜೆಗೆ ಮುನ್ನವೇ ಹೊಲಿಸಲು ಕೊಡಬೇಕು.